ಸ್ಟೆಂಟ್ ಹಾಕಿದ ಮೇಲೆ 200 ಕಿಲೋಮೀಟರ್ ಸೈಕಲ್: ನನ್ನ ಅನುಭವ

ನಾನು ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಸೈಕಲ್ ಹುಚ್ಚು ಹಿಡಿದಿದ್ದು ನಲವತ್ತು ದಾಟಿದ ಮೇಲೆ. ವಾರದ ದಿನಗಳಲ್ಲಿ ಸ್ಕೂಲಿಗೆ ಮುಂಚೆ ಚಾಮುಂಡಿ ಬೆಟ್ಟ, ಭಾನುವಾರ ಗುಂಡ್ಲುಪೇಟೆಗೆ ಹೋಗಿ ಬರೋದು, ಸುಮಾರು 120 ಕಿಲೋಮೀಟರ್. ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ನಮ್ಮಪ್ಪನಿಗೆ ಐವತ್ತಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ಅದೊಂದು ಮಾತ್ರ ಇತ್ತು.

ನನಗೆ ಆಗಿದ್ದು 49ಕ್ಕೆ. ಸಿನಿಮಾದಲ್ಲಿ ತೋರಿಸ್ತಾರಲ್ಲ, ಹಾಗೆ ಎದೆ ಹಿಡಿದುಕೊಂಡು ಬೀಳಲಿಲ್ಲ. ದವಡೆ ನೋವು, ಬೆನ್ನಿನ ಮೇಲ್ಭಾಗದಲ್ಲಿ ಒತ್ತಿದ ಹಾಗೆ, ತಣ್ಣನೆ ಬೆವರು, ವಾಕರಿಕೆ. ಹೆಂಗಸರಲ್ಲಿ ಎಷ್ಟೋ ಸಲ ಹೀಗೇ ಶುರುವಾಗುತ್ತೆ, ಮನೆಯವರೆಲ್ಲ ಗ್ಯಾಸ್ ಅಂದುಬಿಡ್ತಾರೆ. ನಮ್ಮೆಜಮಾನ್ರು ಹಾಗನ್ನದೆ ಗಾಡಿ ತೆಗೆದರು. ಇಸಿಜಿ ಆಯಿತು, ಮಣಿಕಟ್ಟಿನಿಂದ ತಂತಿ ತೂರಿಸಿದರು, ಮುಚ್ಚಿದ ರಕ್ತನಾಳ ತೆರೆದೇ ಇರಲಿ ಅಂತ ಒಂದು ಸ್ಟೆಂಟ್, ಅಂದರೆ ಜಾಲರಿಯಂಥ ಸಣ್ಣ ಕೊಳವೆ, ಕೂತಿತು.

ಮನೆಗೆ ಬಂದ ಮೇಲೆ ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ: "ಸಾಕು ಬಿಡಮ್ಮ, ಇನ್ನು ಆ ಸೈಕಲ್ಲೆಲ್ಲ ಯಾಕೆ?" ಡಾಕ್ಟ್ರು ಮಾತ್ರ ಹಾಗನ್ನಲಿಲ್ಲ. "ನಡೆಯೋದರಿಂದ ಶುರು ಮಾಡಿ, ಎಕೋ ಮತ್ತು ಟಿಎಂಟಿ ನೋಡಿ ಮುಂದಿನದು ಹೇಳ್ತೀನಿ" ಅಂದರು. ಎಕೋ ಅಂದರೆ ಹೃದಯದ ಸ್ಕ್ಯಾನ್, ಟಿಎಂಟಿ ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯೋ ಇಸಿಜಿ. ಮೊದಲ ವಾರ ಮನೆ ಮುಂದಿನ ರಸ್ತೆಯಲ್ಲಿ ಐದೈದು ನಿಮಿಷ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಧಾನಕ್ಕೆ. ಟಿಎಂಟಿ ಸರಿಯಾಗಿ ಬಂದ ಮೇಲೇ ಸೈಕಲ್ ಮುಟ್ಟಿದ್ದು.

ನಿಜವಾದ ತೊಂದರೆ ಶುರುವಾಗಿದ್ದು ಆಗ. ನನಗೆ ಕೊಟ್ಟ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಇತ್ತು, ಬೀಟಾ ಬ್ಲಾಕರ್. ಅದು ಹೃದಯ ಜಾಸ್ತಿ ಬಡಿದುಕೊಳ್ಳದ ಹಾಗೆ ತಡೆಯುತ್ತೆ. ಸೈಕಲ್ ಹೊಡೆಯೋರು 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಲೆಕ್ಕ ಹಾಕ್ತಾರೆ. ನನ್ನ ಲೆಕ್ಕ 171 ಆಗಬೇಕಿತ್ತು. ಬೆಟ್ಟದ ಏರಿನಲ್ಲಿ ನಾಲಿಗೆ ಹೊರಗೆ ಬಂದಾಗಲೂ ವಾಚು 120ರ ಆಸುಪಾಸಲ್ಲೇ ಇತ್ತು. ಅಂದರೆ ವಾಚು ನೋಡಿ "ಇನ್ನೂ ಆರಾಮಾಗಿದ್ದೀನಿ" ಅಂತ ಒತ್ತಿದರೆ ಕೆಟ್ಟೆ. ಆ ಲೆಕ್ಕವನ್ನು ಬಿಟ್ಟೇ ಬಿಟ್ಟೆ.

ಅದರ ಬದಲು ಡಾಕ್ಟ್ರು ಹೇಳಿದ್ದು ಮಾತಾಡಿ ನೋಡೋ ಪರೀಕ್ಷೆ. ಮಾತಾಡೋಕೆ ಆಗ್ತಿದ್ದರೆ ಸರಿ, ಮಾತು ತುಂಡಾದರೆ ಜಾಸ್ತಿಯಾಯಿತು. ಒಬ್ಬಳೇ ಹೋಗುವಾಗ ಯಾರ ಜೊತೆ ಮಾತಾಡೋದು? ಮಗ್ಗಿ ಹೇಳಿದೆ. ಗಟ್ಟಿಯಾಗೇ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಒಂದೇ ಉಸಿರಿಗೆ ಎರಡು ಸಾಲು ಬಂದರೆ ಹೀಗೇ ಹೋಗಬಹುದು. ಒಂದು ಸಾಲಷ್ಟೇ ಬಂದರೆ ಅದು ಏರಿಗೆ ಸರಿ, ತುಂಬ ಹೊತ್ತಿಗಲ್ಲ. "ಹದಿನೇಳ್ಮೂರ್ಲ..." ಅಂತ ಅಲ್ಲೇ ನಿಂತುಹೋದರೆ ಗೇರ್ ಇಳಿಸು. ಬೆಟ್ಟದ ರಸ್ತೆಯಲ್ಲಿ ವಾಕಿಂಗ್ ಬರೋರು ತಿರುಗಿ ತಿರುಗಿ ನೋಡೋರು. ನೋಡಲಿ ಬಿಡಿ. ಸಾವಿರಾರು ರೂಪಾಯಿ ವಾಚು ಹೇಳದ್ದನ್ನು ಮಗ್ಗಿ ಹೇಳುತ್ತೆ.

ಇನ್ನೊಂದು ವಿಷಯ, ಏರು ಮುಗಿದ ತಕ್ಷಣ ಇಳಿದು ನಿಲ್ಲಬಾರದು. ದುಡಿದ ಕಾಲುಗಳಲ್ಲಿ ರಕ್ತ ನಿಂತುಬಿಡುತ್ತೆ, ಬೀಟಾ ಬ್ಲಾಕರ್ ಇರೋದರಿಂದ ಹೃದಯ ಬಡಿತ ಏರಿಸಿ ಸರಿದೂಗಿಸೋಕೆ ಆಗಲ್ಲ, ತಲೆ ಸುತ್ತುತ್ತೆ. ಬೆಟ್ಟದ ಮೇಲೆ ತಲುಪಿದ ಮೇಲೂ ಹಗುರ ಗೇರಲ್ಲಿ ಹತ್ತು ನಿಮಿಷ ಸುಮ್ನೆ ಸುತ್ತು ಹೊಡೀತೀನಿ. ಹೊರಡೋ ಮುಂಚೆಯೂ ಅಷ್ಟೇ ಹೊತ್ತು.

ರಕ್ತ ತೆಳುವಾಗೋ ಮಾತ್ರೆ ಎರಡು ಥರ ಇದ್ದವು, ಎರಡನ್ನೂ ಒಟ್ಟಿಗೆ ಸಾಮಾನ್ಯವಾಗಿ ಒಂದು ವರ್ಷ ತಗೋಬೇಕು. ಸಣ್ಣ ತರಚು ಗಾಯವೂ ಬೇಗ ರಕ್ತ ನಿಲ್ಲಿಸಲ್ಲ, ಎಲ್ಲಿ ತಾಗಿದರೂ ನೀಲಿಗಟ್ಟುತ್ತೆ. ಅದಕ್ಕೇ ಆ ವರ್ಷ ಗುಂಪಿನಲ್ಲಿ ಚಕ್ರಕ್ಕೆ ಚಕ್ರ ತಾಗಿಸಿ ಓಡಿಸಲಿಲ್ಲ, ಕತ್ತಲಲ್ಲಿ ಹೊರಡಲಿಲ್ಲ. ಮಾತ್ರೆಗಳ ಹೆಸರು ಬರೆದ ಚೀಟಿ ಪ್ಲಾಸ್ಟಿಕ್ಕಲ್ಲಿ ಸುತ್ತಿ ಸೀಟಿನ ಕೆಳಗಿನ ಚೀಲದಲ್ಲಿಟ್ಟೆ. ಬಿದ್ದು ಪ್ರಜ್ಞೆ ತಪ್ಪಿದರೆ ಎತ್ತಿದವರಿಗೆ ಗೊತ್ತಾಗಬೇಕಲ್ವಾ? ಸೈಕಲ್ ಆಸೆಗೆ ಆ ಮಾತ್ರೆಗಳನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ.

ಮತ್ತೆ ದೂರ ಹೋಗಬೇಕು ಅನ್ನಿಸಿದಾಗ ಬ್ರೆವೆ ಆರಿಸಿಕೊಂಡೆ. ಇದು ಪ್ಯಾರಿಸ್ಸಿನ ಒಂದು ಕ್ಲಬ್ಬಿನ ನಿಯಮದಂತೆ ಲೋಕದೆಲ್ಲೆಡೆ ನಡೆಯೋ ದೂರದ ಸವಾರಿ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮೊದಲನೆಯವರು, ಕೊನೆಯವರು ಅನ್ನೋದಿಲ್ಲ. ಗಡುವಿನೊಳಗೆ ಬಂದವರೆಲ್ಲ ಒಂದೇ. ನನ್ನಂಥವರಿಗೆ ಇದೇ ಸರಿ. ಪಕ್ಕದವರು ಮುಂದೆ ಹೋದರೂ ಅಟ್ಟಿಸಿಕೊಂಡು ಹೋಗೋ ಕೆಲಸವಿಲ್ಲ. ಗಂಟೆಗೆ 15 ಕಿಲೋಮೀಟರ್ ಬಿದ್ದರೆ ಸಾಕು, ನಿಂತು ತಿಂದ ಹೊತ್ತೂ ಅದರಲ್ಲೇ ಸೇರಬೇಕು ಅಷ್ಟೆ.

ಬಿಸಿಲು ಕಮ್ಮಿ ಇರಲಿ ಅಂತ ಡಿಸೆಂಬರಿನ ಸವಾರಿಗೆ ಹೆಸರು ಕೊಟ್ಟೆ. ಬೆಳಿಗ್ಗೆ ಆರಕ್ಕೆ ಹೊರಟೆವು. ಗಂಟೆಗೊಂದು ಬಾಳೆಹಣ್ಣೋ ಕಡಲೆ ಚಿಕ್ಕಿಯೋ, ಎರಡು ಸಲ ಇಡ್ಲಿ, ಒಂದು ಬಾಟಲಿನಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ನೀರು. ಮಧ್ಯಾಹ್ನದ ಎದುರುಗಾಳಿಗೆ ಮಗ್ಗಿ ಒಂದು ಸಾಲಿಗೆ ಇಳಿಯಿತು, ನಾನೂ ವೇಗ ಇಳಿಸಿದೆ. ಇಪ್ಪತ್ತೈದರ ಹುಡುಗರು ಯಾವಾಗಲೋ ಮುಂದೆ ಹೋಗಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ಸೀಲ್ ಹಾಕಿಸಿಕೊಳ್ಳೋ ನನ್ನ ಕಾರ್ಡಿಗೆ ಕೊನೆಯ ಸೀಲ್ ಬಿದ್ದಾಗ ಸಂಜೆ ಏಳು ಗಂಟೆ ಹತ್ತಿರ.

ಈಗ 300ರ ಮೇಲೆ ಕಣ್ಣಿದೆ. 400, 600 ನನಗೆ ಬೇಡ. ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಿಸೋದು ಈ ಹೃದಯಕ್ಕೆ ಒಳ್ಳೇದಲ್ಲ ಅಂತ ಡಾಕ್ಟ್ರೂ ನಾನೂ ಸೇರಿ ತೀರ್ಮಾನಿಸಿದ್ದು. 300ಕ್ಕೆ ಮುಂಚೆ ಇನ್ನೊಂದು ಟಿಎಂಟಿ ಆಗಬೇಕು ಅಂದಿದ್ದಾರೆ. ನಿಮಗೂ ಮಾಡಿಸೋದಿದ್ದರೆ, ಅವತ್ತು ಬೆಳಿಗ್ಗೆ ಬೀಟಾ ಬ್ಲಾಕರ್ ತಗೋಬೇಕೋ ಬಿಡಬೇಕೋ ಅಂತ ಮೊದಲೇ ಕೇಳಿಕೊಳ್ಳಿ, ರಿಪೋರ್ಟ್ ಬೇರೆ ಬರುತ್ತೆ. ನನಗೆ ತಗೊಂಡೇ ಬನ್ನಿ ಅಂದರು, ಸೈಕಲ್ ಹೊಡೆಯೋದೂ ಮಾತ್ರೆ ತಗೊಂಡೇ ಅಲ್ವಾ ಅಂತ.