ಕಪ್ಪತಗುಡ್ಡದ ಗಾಳಿ ಮತ್ತು ನನ್ನ ದೊಡ್ಡ ಕ್ಯಾಮೆರಾ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಅಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅಂಥ ಕಡೆಗೆ ನಾನು 4x5 ಇಂಚಿನ ಫಿಲ್ಮ್ ಕ್ಯಾಮೆರಾ ಹೊತ್ತು ಹೋಗುತ್ತೇನೆ.

ಗಾಳಿ ಅಂದ ತಕ್ಷಣ ಎಲ್ಲರೂ ಟ್ರೈಪಾಡಿಗೆ ಭಾರ ಕಟ್ಟಿ ಅನ್ನುತ್ತಾರೆ. ಕಟ್ಟಿದರೆ ಬೀಳುವುದಿಲ್ಲ, ನಿಜ. ಆದರೆ ಚಿತ್ರ ಕೆಡಿಸುವುದು ನಡುಕ. ಅದು ಶುರುವಾಗುವುದು ಬೆಲ್ಲೋಸಿನಲ್ಲಿ, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಮಡಿಕೆಯ ಚೀಲದಲ್ಲಿ. ಪಕ್ಕದ ಗಾಳಿಗೆ ಅದು ಹಾಯಿಯ ಹಾಗೆ ಉಬ್ಬಿ ಲೆನ್ಸನ್ನೂ ಅಲ್ಲಾಡಿಸುತ್ತದೆ. ದೂರದ ಬೆಟ್ಟಕ್ಕೆ 210 ಎಂಎಂ ಲೆನ್ಸ್ ಹಾಕಿದರೆ ಬೆಲ್ಲೋಸ್ ಸುಮಾರು 21 ಸೆಂ.ಮೀ. ಚಾಚಬೇಕು, 90 ಎಂಎಂಗೆ 9 ಸೆಂ.ಮೀ. ಸಾಕು. ಹಾಗಾಗಿ ಗಾಳಿ ಜೋರಿದ್ದ ದಿನ 90ಕ್ಕೆ ಹೊಂದುವ ಚಿತ್ರವನ್ನೇ ಹುಡುಕುತ್ತೇನೆ.

ಟ್ರೈಪಾಡಿನ ಕೆಳಗಿನ ಸಣ್ಣ ಕಾಲುಗಳನ್ನು ಹೊರಗೆಳೆಯುವುದಿಲ್ಲ, ನಡುಗಂಬ ಏರಿಸುವುದೂ ಇಲ್ಲ. ಮಂಡಿಯೂರಿ ಫೋಕಸ್ ಮಾಡುತ್ತೇನೆ. ಒಂದು ಕಾಲು ಗಾಳಿ ಹೋಗುವ ದಿಕ್ಕಿಗೆ ಇರಬೇಕು, ಕ್ಯಾಮೆರಾ ವಾಲುವುದು ಆ ಕಡೆಗೇ ಅಲ್ವಾ? ಬ್ಯಾಗ್ ನೇತುಹಾಕಿದರೆ ನೆಲಕ್ಕೆ ತಾಗಿಸಿಯೇ ಕಟ್ಟುತ್ತೇನೆ. ತೂಗಾಡುವ ಬ್ಯಾಗಿಗಿಂತ ಬ್ಯಾಗ್ ಇಲ್ಲದಿರುವುದೇ ಮೇಲು.

ನನ್ನ ಮಟ್ಟಿಗೆ ದೊಡ್ಡ ಉಪಕಾರಿ ಕೊಡೆ. ಜೊತೆಗೆ ಬಂದವರು ಗಾಳಿಗೆ ಅಡ್ಡ ಹಿಡಿದು ನಿಲ್ಲುತ್ತಾರೆ. ಕೊಡೆ ಕ್ಯಾಮೆರಾಕ್ಕೆ ತಾಗಬಾರದು, ಅಷ್ಟೇ. (ಮಡಚುವ ಸಣ್ಣ ಕೊಡೆ ಬೇಡ, ಉಲ್ಟಾ ಆಗುತ್ತದೆ.) ಫೋಕಸ್ ನೋಡಲು ತಲೆಯ ಮೇಲೆ ಹೊದ್ದ ಕರಿ ಬಟ್ಟೆಯನ್ನು, ಫೋಕಸ್ ಆದಮೇಲೆ ತೆಗೆದುಬಿಡುತ್ತೇನೆ. ಶಟರ್ ಒತ್ತುವ ತಂತಿ, ಅಂದರೆ ಕೇಬಲ್ ರಿಲೀಸ್, ಸಡಿಲವಾಗಿ ಬಾಗಿರಬೇಕು, ಬಿಗಿಯಾದರೆ ಕೈಯ ನಡುಕವೂ ಲೆನ್ಸಿಗೆ ಹೋಗುತ್ತದೆ.

ಆಮೇಲೆ ಕಾಯುವುದು. ಕೆಳಗಿನ ಇಳಿಜಾರಿನ ಹುಲ್ಲು ಬಾಗುತ್ತಾ ಬಂತೆಂದರೆ ಗಾಳಿ ಬಂತು ಅಂತಲೇ. ಅದು ದಾಟಿ ಹೋದಮೇಲೆ ಒಂದೆರಡು ಸೆಕೆಂಡ್ ಬಿಡುವು ಸಿಗುತ್ತದೆ. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚಿರುವ ಡಾರ್ಕ್ ಸ್ಲೈಡನ್ನು ಮೊದಲೇ ಎಳೆದಿಟ್ಟಿರುತ್ತೇನೆ, ಆ ಬಿಡುವಿನಲ್ಲಿ ಒತ್ತುವುದಷ್ಟೇ ಕೆಲಸ. ಲೆನ್ಸಿನ ಕಿಂಡಿಯನ್ನು ಎಫ್/32ರಷ್ಟು ಕಿರಿದು ಮಾಡುವ ಆಸೆ ಬಿಟ್ಟು, ಹೆಚ್ಚು ಬೆಳಕು ಬಿಡುವ ಎಫ್/16ರಲ್ಲೇ ತೆಗೆಯುತ್ತೇನೆ. ಬಿಸಿಲಿದ್ದು ಫಿಲ್ಮಿನ ಬೆಳಕಿನ ಸೂಕ್ಷ್ಮತೆ ಐಎಸ್ಒ 400 ಆದರೆ ಸೆಕೆಂಡಿನ 400ನೇ ಒಂದು ಭಾಗದ ವೇಗ ಸಿಗುತ್ತದೆ. ನನ್ನ ಕೋಪಾಲ್ 0 ಶಟರ್ ಸೆಕೆಂಡಿನ 500ನೇ ಒಂದು ಭಾಗದವರೆಗೂ ಹೋಗುತ್ತದೆ. ಮೋಡವಿದ್ದರೆ ಆ ವೇಗ ಸಿಗುವುದಿಲ್ಲ. ಆಗ ಒಂದಾದರೂ ನಡುಗದೆ ಬರಲಿ ಅಂತ ಒಂದೇ ಚಿತ್ರಕ್ಕೆ, ಫಿಲ್ಮ್ ಇಡುವ ಹೋಲ್ಡರಿನ ಎರಡು ಬದಿಯ ಫಿಲ್ಮನ್ನೂ ಬಳಸುತ್ತೇನೆ.