ನನ್ನ ಅನುಭವ: ಷೆವಿ 350ಕ್ಕೆ ಕ್ಯಾಮ್ ಮತ್ತು ವಾಲ್ವ್ ಸ್ಪ್ರಿಂಗ್ ಆರಿಸಿದ್ದು

ಕ್ಯಾಮ್ ಅಂದರೆ ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ, ಅವನ್ನು ಮತ್ತೆ ಮುಚ್ಚುವುದು ಸ್ಪ್ರಿಂಗ್. ಕ್ಯಾಮ್ ಕ್ಯಾಟಲಾಗ್ ತೆರೆಯುವ ಮೊದಲು ಗಾಡಿಯ ಲೆಕ್ಕ ಬರೆದುಕೊಂಡೆ. ಇಲ್ಲಿ ಅಮೆರಿಕದಲ್ಲಿ ನನ್ನ ಹತ್ತಿರ ಇರುವುದು ಹಳೆಯ ಷೆವ್ರೊಲೆ ಸಿ10 ಪಿಕಪ್. 350 ಕ್ಯೂಬಿಕ್ ಇಂಚಿನ ವಿ8, ಮೂರು ಗೇರಿನ ಆಟೋಮ್ಯಾಟಿಕ್, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.08. ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಸುಮಾರು 2400 ಆರ್‌ಪಿಎಂ ತಿರುಗುತ್ತದೆ. ಪವರ್ ಬ್ರೇಕ್ ಇದೆ, ಅದಕ್ಕೆ ಎಂಜಿನ್ ಎಳೆಯುವ ವ್ಯಾಕ್ಯೂಮ್ (ನಿರ್ವಾತ) ಬೇಕು. ಇಂಥ ಗಾಡಿಗೆ 6500 ಆರ್‌ಪಿಎಂನಲ್ಲಿ ಶಕ್ತಿ ಕೊಡುವ ಕ್ಯಾಮ್ ತಂದು ಏನು ಮಾಡುವುದು?

ಕಾಂಪ್ ಕ್ಯಾಮ್ಸ್ ಕಂಪನಿಯ ಎರಡು ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ (ರೋಲರ್ ಇಲ್ಲದೆ ಕ್ಯಾಮ್ ಮೇಲೆ ನೇರ ಉಜ್ಜಿಕೊಂಡು ಓಡುವ ಟ್ಯಾಪೆಟ್) ಕ್ಯಾಮ್‌ಗಳ ನಡುವೆ ಯೋಚನೆ ನಡೆಯಿತು. ಎಕ್ಸ್‌ಇ268ರ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಡಿಗ್ರಿಯಲ್ಲಿ), ಟ್ಯಾಪೆಟ್ 0.050 ಇಂಚು ಎದ್ದಲ್ಲಿಂದ ಅಳೆದರೆ, ಇನ್‌ಟೇಕ್‌ಗೆ 224 ಡಿಗ್ರಿ, ಎಕ್ಸಾಸ್ಟ್‌ಗೆ 230. ಎಕ್ಸ್‌ಇ262ರದ್ದು 218 ಮತ್ತು 224. ನಾನು ನೋಡುವುದು ಈ 0.050ರ ಅಂಕಿಯನ್ನೇ. ಜಾಹೀರಾತಿನ ಡ್ಯುರೇಶನ್ ಒಬ್ಬೊಬ್ಬರು ಒಂದೊಂದು ಕಡೆಯಿಂದ ಅಳೆಯುತ್ತಾರೆ. 268ರ ಐಡಲ್ ಸದ್ದು ಚೆನ್ನಾಗಿರುತ್ತದೆ, ನಿಜ. ಆದರೆ ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ, ವ್ಯಾಕ್ಯೂಮ್ ಕಡಿಮೆ. ಕಂಪನಿಯಿಂದ ಬಂದ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇಟ್ಟುಕೊಂಡು ಅದನ್ನು ಹಾಕಿದರೆ ಸಿಗ್ನಲ್‌ನಲ್ಲಿ ಹೊರಡುವಾಗ ಗಾಡಿ ಸೊರಗುತ್ತದೆ. 262 ತಗೊಂಡೆ.

ಇನ್ನು ಸ್ಪ್ರಿಂಗ್. ಜನ ಕ್ಯಾಮ್‌ಗೆ ದುಡ್ಡು ಹಾಕಿ ಸ್ಪ್ರಿಂಗ್ ಹಳೆಯದೇ ಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನನ್ನ ಹೆಡ್‌ಗಳು (ವಾಲ್ವ್‌ಗಳು ಕೂರುವ ಎಂಜಿನ್ ಮೇಲ್ಭಾಗ) 1996ರ ನಂತರದ ಷೆವಿ ವೋರ್ಟೆಕ್. ಗಾಳಿ ಚೆನ್ನಾಗಿ ಎಳೆಯುತ್ತವೆ. ಆದರೆ ಮೂಲ ಸ್ಪ್ರಿಂಗ್ ಜೊತೆ ಲಿಫ್ಟ್ (ವಾಲ್ವ್ ತೆರೆಯುವ ದೂರ) ಸುಮಾರು 0.460 ಇಂಚು ದಾಟಿದರೆ ರಿಟೇನರ್ (ಸ್ಪ್ರಿಂಗ್ ಮೇಲೆ ಕೂರುವ ಬಿಲ್ಲೆ) ಕೆಳಗಿನ ಆಯಿಲ್ ಸೀಲ್‌ಗೆ ತಾಗುವ ಹಂತಕ್ಕೆ ಬರುತ್ತದೆ. 262ರ ಲಿಫ್ಟ್ 0.462 ಮತ್ತು 0.469. ಜಾಗ ಮಾಡಲು ಗೈಡ್ (ವಾಲ್ವ್ ಜಾರುವ ಕೊಳವೆ) ಕತ್ತರಿಸುವ ಬದಲು ಜೇನುಗೂಡಿನ ಆಕಾರದ ಬೀಹೈವ್ ಸ್ಪ್ರಿಂಗ್ ಹಾಕಿದೆ. ಮೇಲ್ಭಾಗ ಕಿರಿದಾಗಿರುವುದರಿಂದ ರಿಟೇನರ್ ಚಿಕ್ಕದು, ಹಗುರ. ತೂಕ ಇಳಿದರೆ ಅಷ್ಟೇ ಒತ್ತಡದಲ್ಲಿ ವಾಲ್ವ್ ಇನ್ನೂ ಮೇಲಿನ ಆರ್‌ಪಿಎಂ ತನಕ ಹಿಡಿತದಲ್ಲಿರುತ್ತದೆ.

ಪ್ಯಾಕೆಟ್ ಮೇಲಿನ ಅಂಕಿ ನಂಬಿ ಸುಮ್ನೆ ಕೂರಿಸಲಿಲ್ಲ. ಹೈಟ್ ಮೈಕ್ರೋಮೀಟರ್ ಹಾಕಿ ಒಂದೊಂದು ವಾಲ್ವ್ ಅಳೆದು, ಶಿಮ್ (ತೆಳು ಬಿಲ್ಲೆ) ಇಟ್ಟು ಎಲ್ಲ ಸ್ಪ್ರಿಂಗ್‌ಗಳ ಕೂರಿಸಿದ ಎತ್ತರವನ್ನು 1.700 ಇಂಚಿಗೆ ತಂದೆ. ವಾಲ್ವ್ ಮುಚ್ಚಿ ಸೀಟ್ ಮೇಲೆ ಕೂತಾಗ ಸುಮಾರು 105 ಪೌಂಡ್ ಒತ್ತಡ. ವಾಲ್ವ್ ಪೂರ್ತಿ ತೆರೆದಾಗ 260ರ ಆಸುಪಾಸು. ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟುವ ಮೊದಲು 0.060 ಇಂಚಾದರೂ ಉಳಿಯಬೇಕು, ರಿಟೇನರ್ ಮತ್ತು ಸೀಲ್ ನಡುವೆ 0.050. ಎರಡೂ ಉಳಿದವು. ಇದಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಬಹುದಿತ್ತಲ್ವಾ ಅಂತ ಗೆಳೆಯರು ಕೇಳಿದರು. ಫ್ಲಾಟ್ ಟ್ಯಾಪೆಟ್‌ನಲ್ಲಿ ಬೇಡದ ಒತ್ತಡ ನೇರ ಕ್ಯಾಮ್ ಲೋಬ್ (ಕ್ಯಾಮ್‌ನ ಉಬ್ಬು) ಮೇಲೆ ಬೀಳುತ್ತದೆ, ಲೋಬ್ ಸವೆಯುತ್ತದೆ. ಕಡಿಮೆಯಾದರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ತೇಲುತ್ತದೆ, ಅಂದರೆ ಕ್ಯಾಮ್‌ನ ಹಿಡಿತ ತಪ್ಪುತ್ತದೆ. 5600 ಆರ್‌ಪಿಎಂಗೆ ಸಾಕಾಗುವಷ್ಟಿದ್ದರೆ ನನಗೆ ಸಾಕು.

ಕ್ಯಾಮನ್ನು ಡಿಗ್ರಿ ವೀಲ್ (ಕ್ರ್ಯಾಂಕ್ ಕೋನ ಅಳೆಯುವ ಚಕ್ರ) ಹಾಕಿ, ಇನ್‌ಟೇಕ್ ವಾಲ್ವ್ ಗರಿಷ್ಠ ತೆರೆಯುವ ಕೋನವಾದ ಸೆಂಟರ್‌ಲೈನ್ 106 ಡಿಗ್ರಿಗೆ ಬರುವಂತೆ ಕೂರಿಸಿದೆ. ಲೋಬ್‌ಗಳಿಗೆ ಪೇಸ್ಟ್ ಬಳಿದು, ಸತು ಜಾಸ್ತಿ ಇರುವ ಆಯಿಲ್ ತುಂಬಿದೆ. ಎಂಜಿನ್ ಹತ್ತಿದ ಕೂಡಲೇ ಐಡಲ್‌ಗೆ ಬಿಡದೆ 2000–2500ರಲ್ಲಿ ಅರ್ಧ ಗಂಟೆ ಓಡಿಸಿದೆ. ಲೋಬ್‌ಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದಾಗ, ನಿಧಾನ ತಿರುಗಿದರೆ ಅದು ಸಾಲದು. ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ, ಹಳೆಯ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ನೋಡಿದೆ. ಇರಲಿಲ್ಲ.