ಒಂದು ದೀಪ, ಒಂದು ಕಿಟಕಿ: ನುವಾರ್ ದೃಶ್ಯವನ್ನು ಕೋಣೆಯಲ್ಲೇ ಚಿತ್ರಿಸುವುದು ಹೇಗೆ

ಗಾಢ ನೆರಳಿನ ಹಳೆಯ ಹಾಲಿವುಡ್ ಅಪರಾಧ ಚಿತ್ರಗಳ ಶೈಲಿಗೆ ಫಿಲ್ಮ್ ನುವಾರ್ ಎನ್ನುತ್ತಾರೆ. ಅದರ ಅಭ್ಯಾಸಕ್ಕೆ ಕೂತ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಾಧಾರಣ ಬೆಳಕಿನಲ್ಲಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಬಣ್ಣ ತೆಗೆದು, ಕಾಂಟ್ರಾಸ್ಟ್ ಏರಿಸುತ್ತಾರೆ. ಅದು ಕಪ್ಪು ಬಿಳುಪಿನ ದೃಶ್ಯವಾಗುತ್ತದೆ, ನುವಾರ್ ಆಗುವುದಿಲ್ಲ. ಕತ್ತಲೆಯನ್ನು ಶೂಟಿಂಗ್ ಹೊತ್ತಿನಲ್ಲೇ ಕಟ್ಟಬೇಕು. ಅದಕ್ಕೆ ಬೇಕಾದ ದೀಪಗಳು ಕಡಿಮೆ. ಬೇಡದ ಬೆಳಕನ್ನು ತಡೆಯುವ ಕೆಲಸವೇ ಹೆಚ್ಚು.

ಮೊದಲು ನೋಡುವ ಕೆಲಸ. 1944ರ ‘ಡಬಲ್ ಇಂಡೆಮ್ನಿಟಿ’ಯನ್ನು ಒಮ್ಮೆ ಪೂರ್ತಿ ನೋಡಿ, ಆಮೇಲೆ ಅದರ 10 ನಿಮಿಷವನ್ನು ಸದ್ದು ಅಡಗಿಸಿ ನೋಡಿ. ಪ್ರತಿ ಶಾಟ್ ನಿಲ್ಲಿಸಿ ಮೂರು ಸಂಗತಿ ಬರೆದುಕೊಳ್ಳಿ: ಮುಖ್ಯ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಮುಖದ ಎಷ್ಟು ಭಾಗ ಕತ್ತಲಲ್ಲಿದೆ, ಗೋಡೆಯ ಮೇಲೆ ಯಾವ ಆಕಾರ ಬಿದ್ದಿದೆ. ಛಾಯಾಗ್ರಾಹಕ ಜಾನ್ ಸೈಟ್ಜ್ ಕಿಟಕಿಯ ಬ್ಲೈಂಡ್‌ಗಳ (ಅಡ್ಡಪಟ್ಟಿಗಳ ಪರದೆ) ಪಟ್ಟೆ ನೆರಳನ್ನು ಪಾತ್ರಗಳ ಮೈಮೇಲೆ ಬೀಳಿಸಿದ ರೀತಿಯನ್ನು ಮುಂದೆ ಎಷ್ಟೋ ಜನ ಅನುಸರಿಸಿದರು. ಈ ಚಿತ್ರದ ನಿರ್ದೇಶಕ ಬಿಲ್ಲಿ ವೈಲ್ಡರ್, ಇದೇ ಬಗೆಯ ಚಿತ್ರಗಳನ್ನು ನಿರ್ದೇಶಿಸಿದ ಫ್ರಿಟ್ಜ್ ಲ್ಯಾಂಗ್, ರಾಬರ್ಟ್ ಸಿಯೋಡ್ಮಾಕ್ ಮೂವರೂ ಬರ್ಲಿನ್ನಿನ ಚಿತ್ರರಂಗದಲ್ಲಿ ಪಳಗಿ, ನಾಜಿಗಳು ಬಂದ ಮೇಲೆ ದೇಶ ಬಿಟ್ಟು ಹಾಲಿವುಡ್ ಸೇರಿದವರು. ಜರ್ಮನ್ ಸಿನಿಮಾದ ನೆರಳಿನ ಭಾಷೆಯನ್ನೂ ಜೊತೆಗೆ ತಂದರು. ಯುದ್ಧ ಮುಗಿದು ಅಮೆರಿಕದ ಚಿತ್ರಗಳು ಮತ್ತೆ ಪ್ಯಾರಿಸ್‌ಗೆ ಬಂದಾಗ, 1946ರಲ್ಲಿ, ಫ್ರೆಂಚ್ ವಿಮರ್ಶಕರು ಇವುಗಳಿಗೆ ‘ಫಿಲ್ಮ್ ನುವಾರ್’, ಅಂದರೆ ‘ಕಪ್ಪು ಸಿನಿಮಾ’, ಎಂದು ಹೆಸರಿಟ್ಟರು.

ಈಗ ಕೋಣೆಗೆ ಬನ್ನಿ. ದೃಶ್ಯ ಸರಳವಾಗಿರಲಿ: ರಾತ್ರಿ ಒಬ್ಬರು ಕಿಟಕಿಯ ಬಳಿ ಯಾರಿಗೋ ಕಾಯುತ್ತಿದ್ದಾರೆ. ಎರಡು ನಿಮಿಷ ಸಾಕು.

ನೆರಳು ಚೂಪಾಗಿ ಬೀಳಬೇಕಾದರೆ ದೀಪದ ಮುಖ ಚಿಕ್ಕದಿರಬೇಕು. ಬೆಳಕನ್ನು ಮೃದುವಾಗಿಸುವ ಸಾಫ್ಟ್‌ಬಾಕ್ಸ್ ತೆಗೆದಿಡಿ. ಸಿಒಬಿ ಎಲ್‌ಇಡಿ (ಒಂದೇ ಪುಟ್ಟ ಚೌಕದಿಂದ ಬೆಳಗುವ ದೀಪ) ಇದ್ದರೆ ಅದರ ರಿಫ್ಲೆಕ್ಟರನ್ನೂ ಕಳಚಿ. ಬೆಳಕು ಕಡಿಮೆಯಾಗುತ್ತದೆ, ಆದರೆ ನೆರಳಿನ ಅಂಚು ಬಿಗಿಯಾಗುತ್ತದೆ. ನೂರಾರು ಪುಟ್ಟ ಎಲ್‌ಇಡಿಗಳಿರುವ ಪ್ಯಾನೆಲ್ ಇಲ್ಲಿ ಕೆಲಸಕ್ಕೆ ಬಾರದು: ಪ್ರತಿ ಎಲ್‌ಇಡಿಯೂ ತನ್ನದೇ ನೆರಳು ಬೀಳಿಸಿ, ಒಂದು ಸರಳಿಗೆ ಬಾಚಣಿಗೆ ಹಲ್ಲಿನಂತೆ ಹತ್ತಾರು ಮಸುಕು ಗೆರೆಗಳು ಬರುತ್ತವೆ. ಒಂದೇ ಎಲ್‌ಇಡಿ ಇರುವ ಟಾರ್ಚ್ ಅದಕ್ಕಿಂತ ಎಷ್ಟೋ ಮೇಲು.

ಪಟ್ಟೆ ನೆರಳಿಗೆ ಒಂದು ಲೆಕ್ಕವಿದೆ, ಇದನ್ನು ಕಲಿತರೆ ಗಂಟೆಗಟ್ಟಲೆ ಪರದಾಟ ತಪ್ಪುತ್ತದೆ. ನೆರಳು ಬೀಳಿಸುವ ಬ್ಲೈಂಡ್ ಪಟ್ಟಿಯಿಂದ ಗೋಡೆಗಿರುವ ದೂರವನ್ನು ದೀಪದಿಂದ ಪಟ್ಟಿಗಿರುವ ದೂರದಿಂದ ಭಾಗಿಸಿ, ಬಂದದ್ದನ್ನು ದೀಪದ ಅಗಲದಿಂದ ಗುಣಿಸಿದರೆ ನೆರಳಿನ ಅಂಚು ಎಷ್ಟು ಅಗಲಕ್ಕೆ ಮಸುಕಾಗುತ್ತದೆ ಎಂಬುದು ಸಿಗುತ್ತದೆ. ದೀಪ 5 ಸೆಂ.ಮೀ. ಅಗಲ, ದೀಪದಿಂದ ಪಟ್ಟಿಗೆ 3 ಮೀಟರ್, ಪಟ್ಟಿಯಿಂದ ಗೋಡೆಗೆ 1 ಮೀಟರ್ ಎಂದುಕೊಳ್ಳಿ. ಮಸುಕು ಸುಮಾರು 1.7 ಸೆಂ.ಮೀ. 5 ಸೆಂ.ಮೀ. ಅಗಲದ ಪಟ್ಟಿಗೆ ಇದು ಚೆಂದ. ಅದೇ ದೀಪವನ್ನು ಪಟ್ಟಿಗೆ 1 ಮೀಟರ್ ಹತ್ತಿರ ತಂದರೆ ಮಸುಕು 5 ಸೆಂ.ಮೀ. ಆಗಿ ಗೆರೆಗಳು ಕಲಸಿಹೋಗುತ್ತವೆ. ಪಟ್ಟೆ ಕಾಣಲಿಲ್ಲವೆಂದು ದೀಪವನ್ನು ಇನ್ನೂ ಹತ್ತಿರ ಸರಿಸುವುದು ಸಾಮಾನ್ಯ ತಪ್ಪು. ಹಿಂದಕ್ಕೆ ಸರಿಸಬೇಕು.

ಬ್ಲೈಂಡ್ ಇಲ್ಲವೆಂದು ಚಿಂತೆ ಬೇಡ. ದಪ್ಪ ರಟ್ಟಿನಲ್ಲಿ 5 ಸೆಂ.ಮೀ. ಸೀಳು, 5 ಸೆಂ.ಮೀ. ಪಟ್ಟಿ ಎಂದು ಸರದಿಯಾಗಿ ಕತ್ತರಿಸಿ, ಕಪ್ಪು ಬಳಿದು, ಎರಡು ಕುರ್ಚಿಗಳ ನಡುವೆ ನಿಲ್ಲಿಸಿ. ಹ್ಯಾಲೊಜನ್ ದೀಪವಾದರೆ ರಟ್ಟು ಅದರ ಹತ್ತಿರಕ್ಕೂ ಬಾರದಿರಲಿ, ಹೊತ್ತಿಕೊಳ್ಳುತ್ತದೆ. ಇದಕ್ಕಿಂತ ನನಗೆ ಇಷ್ಟವಾದ ದಾರಿ ನಮ್ಮ ಮನೆಗಳ ಕಿಟಕಿ ಸರಳುಗಳದ್ದು. ಮುಖದ ಮೇಲೆ ಸರಳಿನ ನೆರಳು ಬಿದ್ದ ಕೂಡಲೆ ಸೆರೆಮನೆಯ ಅರ್ಥ ತಾನಾಗಿ ಬರುತ್ತದೆ, ಮತ್ತು ಅದು ನಾವು ಬದುಕುವ ಮನೆಯದೇ ನೆರಳು. ಸರಳು ತೆಳ್ಳಗಿರುವುದರಿಂದ ಟಾರ್ಚ್‌ನಂಥ ಪುಟ್ಟ ದೀಪವನ್ನೇ ಕಿಟಕಿಯಾಚೆ 3 ಮೀಟರ್ ದೂರದಲ್ಲಿ, ತಲೆಗಿಂತ ಎತ್ತರದಲ್ಲಿ ಇಡಿ.

ಹತ್ತಿರದ ಶಾಟ್‌ಗೆ ವ್ಯವಸ್ಥೆ ಬೇರೆ. ನಟರನ್ನು ಹಿಂದಿನ ಗೋಡೆಯಿಂದ 2 ಮೀಟರ್ ಮುಂದೆ ನಿಲ್ಲಿಸಿ, ದೀಪವನ್ನು ಮುಖದಿಂದ 1 ಮೀಟರ್ ದೂರದಲ್ಲಿ, ಒಂದು ಪಕ್ಕಕ್ಕೆ ಇಡಿ. ದೂರ ಎರಡು ಪಟ್ಟಾದಾಗಲೇ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ ಗೋಡೆ ಖರ್ಚಿಲ್ಲದೆ ಕತ್ತಲಾಗುತ್ತದೆ. ಆದರೂ ಮುಖದ ಕತ್ತಲ ಬದಿ ಬೂದು ಬಣ್ಣದಲ್ಲೇ ಕಂಡರೆ ಕಾರಣ ಎದುರಿನ ಬಿಳಿ ಸುಣ್ಣದ ಗೋಡೆ. ಅದು ಬೆಳಕನ್ನು ತಿರುಗಿಸಿ ಮುಖಕ್ಕೆ ಎಸೆಯುತ್ತಿದೆ. ಕರಿ ಕಂಬಳಿಯೊಂದನ್ನು ಕತ್ತಲ ಬದಿಗೆ, ಫ್ರೇಮಿನ ಅಂಚಿನವರೆಗೂ ತಂದು ತೂಗುಹಾಕಿ. ಬೆಳಕಿನ ಬದಿ ಕತ್ತಲ ಬದಿಗಿಂತ ಎಂಟು ಪಟ್ಟು, ಅಂದರೆ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಹೆಚ್ಚಿದ್ದರೆ ನುವಾರ್ ಮುಖ ಸಿಕ್ಕಿತೆಂದು ತಿಳಿಯಿರಿ. ಕಣ್ಣು ಮಾತ್ರ ಕಳೆದುಹೋಗಬಾರದು. ಎರಡು ರಟ್ಟುಗಳ ನಡುವೆ ಸಂದು ಬಿಟ್ಟು ಕಣ್ಣಿನ ಮೇಲೊಂದು ಬೆಳಕಿನ ಪಟ್ಟಿ ಬೀಳಿಸಬಹುದು.

ಕ್ಯಾಮೆರಾದಲ್ಲಿ ಯಾವುದನ್ನೂ ಆಟೊದಲ್ಲಿ ಬಿಡಬೇಡಿ. ಫ್ರೇಮಿನ ಬಹುಪಾಲು ಕಪ್ಪಿದ್ದಾಗ ಆಟೊ ಎಕ್ಸ್‌ಪೋಷರ್ ಅದನ್ನು ದೋಷವೆಂದು ತಿಳಿದು ಬೆಳಗಿಸಿಬಿಡುತ್ತದೆ, ನೀವು ಕಟ್ಟಿದ್ದೆಲ್ಲ ಬೂದಿ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ದೀಪ ಮಿನುಗುವ ಕಾಟ ತಪ್ಪುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400ರಿಂದ 800. ಮುಖದ ಬೆಳಕಿನ ಬದಿಗೆ ಎಕ್ಸ್‌ಪೋಷರ್ ಹೊಂದಿಸಿ, ನೆರಳಿನ ಗೊಡವೆ ಬಿಡಿ. ಶೂಟಿಂಗ್ ಬಣ್ಣದಲ್ಲೇ ಆಗಲಿ, ಆದರೆ ಮಾನಿಟರ್ ಕಪ್ಪು ಬಿಳುಪಿನಲ್ಲಿರಲಿ. ಇಲ್ಲದಿದ್ದರೆ ಕಡುಕೆಂಪು ಶರ್ಟೂ ಹಸಿರು ಪರದೆಯೂ ಒಂದೇ ಬೂದು ಬಣ್ಣಕ್ಕಿಳಿದು ಮನುಷ್ಯ ಪರದೆಯಲ್ಲಿ ಕರಗಿಹೋಗುವುದು ಎಡಿಟಿಂಗ್‌ನಲ್ಲಷ್ಟೇ ಗೊತ್ತಾಗುತ್ತದೆ.

ಕೋನ: ಸೊಂಟದೆತ್ತರದಿಂದ ತುಸು ಮೇಲಕ್ಕೆ ನೋಡುವ ಕ್ಯಾಮೆರಾ, ಅಗಲ ಲೆನ್ಸ್. ಫೋನಿನ ಮುಖ್ಯ ಲೆನ್ಸ್ ಇದಕ್ಕೆ ಸಾಕು. ಓರೆ ಫ್ರೇಮ್ ಬೇಕಿದ್ದರೆ ಇಡೀ ದೃಶ್ಯದಲ್ಲಿ ಒಂದೇ ಬಾರಿ, ಪಾತ್ರದ ಹಿಡಿತ ತಪ್ಪುವ ಕ್ಷಣಕ್ಕೆ.

ಬೆಳಕಿನ ಕೋಲು ಗಾಳಿಯಲ್ಲಿ ಕಾಣಬೇಕೆಂದರೆ ಹೊಗೆ ಬೇಕು. ಸೈಟ್ಜ್ ಅಲ್ಯೂಮಿನಿಯಂ ಕಣಗಳನ್ನು ಗಾಳಿಯಲ್ಲಿ ತೂರಿಸಿದ್ದರು. ಉಸಿರಿಗೆ ಅಪಾಯ, ಅದು ಬೇಡ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸ್ವಲ್ಪ ಸಾಂಬ್ರಾಣಿ ಹೊಗೆ ಹಾಕಿ, ರಟ್ಟಿನಿಂದ ಬೀಸಿ ಸಮನಾಗಿ ಹರಡಿ. ದೀಪ ನಟರ ಹಿಂಬದಿಯಲ್ಲಿದ್ದರೆ ಹೊಗೆ ಬೆಳಗುತ್ತದೆ. ಕ್ಯಾಮೆರಾ ಕಡೆಯಿಂದ ಬಿದ್ದರೆ ಚಿತ್ರ ಬರೀ ಮಂಕಾಗುತ್ತದೆ. ಹೊಗೆ ಶಾಟ್‌ನಿಂದ ಶಾಟ್‌ಗೆ ಇಳಿಯುವುದರಿಂದ ಪ್ರತಿ ಟೇಕ್‌ಗೆ ಮೊದಲು ಹಿಂದಿನ ಶಾಟ್ ಪಕ್ಕದಲ್ಲಿಟ್ಟು ಹೋಲಿಸಿ. ನಡುನಡುವೆ ಎಲ್ಲರೂ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳಿ.

ಹಿನ್ನೆಲೆ ಧ್ವನಿ ಬರೆಯುವಾಗ ತೆರೆಯ ಮೇಲೆ ಕಾಣುವುದನ್ನೇ ಹೇಳಿಸಬೇಡಿ. ‘ಡಬಲ್ ಇಂಡೆಮ್ನಿಟಿ’ಯ ವಿಮಾ ಏಜೆಂಟ್ ಕಥೆ ಶುರುವಾಗುವಾಗಲೇ ತನ್ನ ತಪ್ಪನ್ನು ಡಿಕ್ಟಾಫೋನ್‌ಗೆ (ಮಾತು ದಾಖಲಿಸುವ ಯಂತ್ರ) ಒಪ್ಪಿಸುತ್ತಾನೆ. ಮುಂದಿನದನ್ನೆಲ್ಲ ನಾವು ಅವನ ಸೋಲು ಗೊತ್ತಿದ್ದೇ ನೋಡುತ್ತೇವೆ. ನಿಮ್ಮ ಪಾತ್ರವೂ ಆಗಿಹೋದದ್ದನ್ನು ಹೇಳಲಿ. ಮೈಕ್ ಬಾಯಿಂದ 15 ಸೆಂ.ಮೀ., ದನಿ ಮಾರ್ದನಿಸದಂತೆ ತಲೆ ಮೇಲೆ ಅದೇ ಕಂಬಳಿ.

ಕೊನೆಗೆ ಗ್ರೇಡಿಂಗ್, ಅಂದರೆ ಬಣ್ಣ ಮತ್ತು ಬೆಳಕನ್ನು ತಿದ್ದುವ ಕೆಲಸ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಆರ್‌ಜಿಬಿ ಮಿಕ್ಸರ್‌ನಲ್ಲಿ ಮಾನೊಕ್ರೋಮ್ ಆರಿಸಿ, ಕೆಂಪು ಏರಿಸಿದರೆ ಚರ್ಮ ತಿಳಿಯಾಗುತ್ತದೆ, ನೀಲಿ ಏರಿಸಿದರೆ ಕಪ್ಪಾಗಿ ಒರಟಾಗುತ್ತದೆ. ನೆರಳನ್ನು ಎತ್ತಲು ಹೋದರೆ ನಾಯ್ಸ್ (ಮರಳಿನಂಥ ಚುಕ್ಕೆಗಳು) ಮೇಲೇಳುತ್ತದೆ. ಖಾಲಿ ಗೋಡೆಯ ಮೇಲೆ ಬೆಳಕು ಇಳಿಯುವಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಂಡರೆ ಅದು ಬೆಳಕಿನ ಹಂತಗಳನ್ನು ಕಡಿಮೆ ಇಟ್ಟುಕೊಳ್ಳುವ 8 ಬಿಟ್ ರೆಕಾರ್ಡಿಂಗ್‌ನ ಮಿತಿ. ತೆಳುವಾಗಿ ಗ್ರೇನ್ (ಹಳೆಯ ಫಿಲ್ಮಿನಂಥ ಕಣಗಳು) ಸೇರಿಸಿದರೆ ಬಹುಮಟ್ಟಿಗೆ ಮರೆಯಾಗುತ್ತದೆ.